ಅರವತ್ತು ಕಿಲೋ ಸುದ್ದಿ ಓಣಿಗೆಲ್ಲ ಗೊತ್ತಾಗಿದೆ

ಬ್ರೂಸ್‌ಪೇಟೆ, ಬಳ್ಳಾರಿ

ಮೊಮ್ಮಗಳೇ,

ನೀನು ಹತ್ತು ಕಿಲೋಮೀಟರ್ ಓಟವನ್ನು 58 ನಿಮಿಷಕ್ಕೆ ಮುಗಿಸಿದ್ದು, ಅದೇ ವಾರ ಜಿಮ್‌ನಲ್ಲಿ 60 ಕಿಲೋ ಡೆಡ್‌ಲಿಫ್ಟ್ ಎತ್ತಿದ್ದು ನಿಮ್ಮಪ್ಪನಿಂದ ತಿಳಿಯಿತು. ಅವನಿಗೂ ನೀನಾಗಿ ಹೇಳಿಲ್ಲವಂತೆ, ನಿನ್ನ ತಮ್ಮ ಬಾಯಿಬಿಟ್ಟನಂತೆ. ಕೇಳಿದರೆ "ಜಂಬ ಅನ್ಕೋತಾರೆ" ಅಂದೆಯಂತೆ. ನನಗೆ ಹಿಡಿಸದ್ದು ಇದೊಂದೇ ನೋಡು.

ನಮ್ಮ ಕಡೆ ಮೈಬಲವನ್ನು ಯಾರೂ ಬಚ್ಚಿಟ್ಟುಕೊಂಡವರಲ್ಲ. ಚಿಕ್ಕವಳಿದ್ದಾಗ ನನ್ನ ಹೆಗಲ ಮೇಲೆ ಕೂತು ಜಾತ್ರೆಯಲ್ಲಿ ಗುಂಡು ಎತ್ತುವುದನ್ನು ನೋಡಿದ್ದೀಯ. ಎತ್ತುವವನು ಅಂಗೈಗೆ ಮಣ್ಣು ತಿಕ್ಕಿಕೊಂಡು ಕಾಲಗಲಿಸಿ ಕೂಡುತ್ತಾನೆ. ಎಲ್ಲಿ ಹಿಡಿದರೂ ಜಾರುವ ದುಂಡುಕಲ್ಲು. ಅದನ್ನು ಮೊದಲು ತೊಡೆಗೆ ಹೊರಳಿಸಿಕೊಂಡು, ಅಲ್ಲೇ ಒಂದು ಉಸಿರು ಎಳೆದುಕೊಂಡು, ಎದೆಗೆ ಅವಚಿ ಮೇಲೇಳುತ್ತಾನೆ. ಹೆಗಲಿಗೇರಿಸಿ ಬೆನ್ನ ಹಿಂದಕ್ಕೆ ಕೆಡವಿದನೋ ಇಲ್ಲವೋ, ಹಲಗೆ ಬಡಿಯಲು ಶುರು. ತಲೆಗೆ ರುಮಾಲು, ಕೊರಳಿಗೆ ಹಾರ, ಮೈತುಂಬ ಗುಲಾಲು. ಅವನನ್ನು ಯಾರಾದರೂ ಜಂಬಗಾರ ಅಂದರೇನು? ಹೆಣ್ಣುಮಗಳು ಅನ್ನುವ ಸಂಕೋಚವಿದ್ದರೆ ಅದನ್ನೂ ಬಿಡು. ಪಕ್ಕದ ಆಂಧ್ರದ ಕರ್ಣಂ ಮಲ್ಲೇಶ್ವರಿ 2000ದ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಒಟ್ಟು 240 ಕಿಲೋ ಎತ್ತಿ ಕಂಚು ಗೆದ್ದಳು. ನಮ್ಮ ದೇಶದ ಹೆಣ್ಣುಮಗಳೊಬ್ಬಳಿಗೆ ಬಂದ ಮೊದಲ ಒಲಿಂಪಿಕ್ ಪದಕ ಅದು.

ಇನ್ನು ನಿನ್ನ ಗೊಂದಲ. ಓಡಿದರೆ ಮಸಲ್ ಕರಗುತ್ತದೆ ಅಂತ ಜಿಮ್ಮಿನವರು, ತೂಕ ಎತ್ತಿದರೆ ಕಾಲು ಭಾರವಾಗುತ್ತದೆ ಅಂತ ಓಟದ ಗೆಳತಿಯರು. ಪಿ.ಟಿ. ಮೇಷ್ಟ್ರಾಗಿ ಇಡೀ ನೌಕರಿ ಈ ಜಗಳ ಕೇಳಿಕೊಂಡೇ ಕಳೆದವನು ನಾನು. ಮೊದಲಿನವರ ಮಾತಿನಲ್ಲಿ ನಾಲ್ಕಾಣೆ ಸತ್ಯವಿದೆ. ಅಮೆರಿಕದ ರಾಬರ್ಟ್ ಹಿಕ್ಸನ್ 1980ರಲ್ಲಿ ಇದನ್ನೇ ಪರೀಕ್ಷೆಗೆ ಒಡ್ಡಿದ. ಒಂದು ಗುಂಪಿಗೆ ಭಾರ ಎತ್ತುವುದು ಮಾತ್ರ, ಒಂದಕ್ಕೆ ದಮ್ಮಿನ ಕಸರತ್ತು ಮಾತ್ರ, ಮತ್ತೊಂದಕ್ಕೆ ಎರಡೂ. ಹತ್ತು ವಾರ ನಡೆಸಿದ. ಎರಡೂ ಮಾಡಿದವರ ಬಲ ಆರೇಳು ವಾರ ಚೆನ್ನಾಗಿಯೇ ಏರಿತು, ಆಮೇಲೆ ನಿಂತಿತು, ಕೊನೆಗೆ ತುಸು ಇಳಿಯಿತು. ಜಿಮ್ಮಿನವರು ಹೇಳುವುದು ಇಷ್ಟನ್ನೇ. ಆ ಪಾಪದವರು ವಾರಕ್ಕೆ ಐದು ದಿನ ಭಾರ, ಆರು ದಿನ ದಮ್ಮು ಅಂತ ಗೆಯ್ದಿದ್ದರು ಅನ್ನುವುದನ್ನು ಹೇಳುವುದಿಲ್ಲ. ಆಫೀಸು ಮುಗಿಸಿ ಮೂರು ದಿನ ಓಡಿ, ಎರಡು ದಿನ ಎತ್ತುವ ನಿನಗೂ ಅವರಿಗೂ ಎಲ್ಲಿಯ ಸಾಟಿ!

ಎರಡನೆಯವರ ಮಾತಂತೂ ಪೂರಾ ಉಲ್ಟಾ. 1999ರಲ್ಲಿ ಫಿನ್‌ಲ್ಯಾಂಡಿನವರು ದೂರದ ಓಟಗಾರರ ತಾಲೀಮಿನಲ್ಲಿ ಒಂದು ಪಾಲು ತೆಗೆದು, ಅದರ ಜಾಗಕ್ಕೆ ಜಿಗಿತ, ಚುರುಕಾಗಿ ಭಾರ ತಳ್ಳುವುದು ಇಂಥವನ್ನು ಹಾಕಿದರು. ಆಮ್ಲಜನಕ ಹೀರುವ ತಾಕತ್ತು ಏರಲಿಲ್ಲ. ಆದರೂ ಐದು ಕಿಲೋಮೀಟರ್ ಓಟದ ಸಮಯ ಇಳಿಯಿತು. ನೆಲ ಮುಟ್ಟಿದ ಕಾಲು ಚಕ್ಕನೆ ಪುಟಿಯುವುದನ್ನು ಕಲಿತರೆ ಅದೇ ವೇಗಕ್ಕೆ ಕಡಿಮೆ ಉಸಿರು ಸಾಕಾಗುತ್ತದೆ. ನಿನ್ನ 58 ನಿಮಿಷದಲ್ಲಿ ಆ ಕಬ್ಬಿಣದ ಪಾಲೂ ಇದ್ದೀತು.

ನಾನು ಹೇಳುವುದು ಇಷ್ಟೇ: ಕಾಲಿನ ಭಾರ ಎತ್ತಿದ ಮರುದಿನ ಜೋರು ಓಟ ಬೇಡ. ಒಂದೇ ದಿನ ಎರಡೂ ಬಂದರೆ ಒಂದನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆಗೆ ಇಟ್ಟುಕೋ. ಹೊಟ್ಟೆ ಕಟ್ಟಬೇಡ. ಸಿರುಗುಪ್ಪದ ರೈಸ್ ಮಿಲ್‌ನಲ್ಲಿ 75 ಕಿಲೋ ಭತ್ತದ ಚೀಲ ಬೆನ್ನಿಗೇರಿಸುವ ಹಮಾಲರ ಬುತ್ತಿ ಬಿಚ್ಚಿ ನೋಡಿದರೆ ಗೊತ್ತಾಗುತ್ತದೆ, ಭಾರ ಎತ್ತುವವರು ಹೇಗೆ ಉಣ್ಣುತ್ತಾರೆ ಅಂತ. ನೀನು ಬರೀ ಸೌತೆಕಾಯಿ ತಿಂದರೆ ಮಸಲ್ ಕರಗಿದ ಪಾಪ ಓಟದ ತಲೆಗೆ ಕಟ್ಟಬೇಡ. ಜೋಳದ ರೊಟ್ಟಿ, ಹೆಸರುಕಾಳು ಪಲ್ಯ, ಗಟ್ಟಿ ಮೊಸರು, ಶೇಂಗಾ ಹಿಂಡಿ ಇರಲಿ.

ಐದು ಕಿಲೋ ಏರಿಸಲು ಎರಡು ತಿಂಗಳು ಹಿಡಿಯಿತು ಅಂತ ಪೇಚಾಡಿದೆಯಂತೆ. ನಮ್ಮ ಕುಂದಾಪುರ ಕಡೆಯ ಗುರುರಾಜ ಪೂಜಾರಿ 2022ರ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಎತ್ತಿದ್ದು ಒಟ್ಟು 269 ಕಿಲೋ. ನಾಲ್ಕನೆಯವನದು 268. ಒಂದೇ ಒಂದು ಕಿಲೋಗೆ ಕಂಚಿನ ಪದಕ! ಅಂಥದ್ದರಲ್ಲಿ ಐದು ಕಿಲೋ ಕಡಿಮೆಯೇನೆ ಯವ್ವಾ?

ಆ ಓಟದ ಆ್ಯಪ್‌ನಲ್ಲಿ ಅವರಿವರ ಸಮಯ ನೋಡಿ ಮುಖ ಸಣ್ಣದು ಮಾಡಿಕೊಳ್ಳುವುದನ್ನೂ ಬಿಡು. ನಮ್ಮೂರ ಕೋಟೆಯ ಕಥೆ ಗೊತ್ತಲ್ಲ? ಪಕ್ಕದ ಕುಂಬಾರ ಗುಡ್ಡ ಇನ್ನೂ ಎತ್ತರ ಅಂತ ಆಮೇಲೆ ತಿಳಿದು, ಕೋಟೆ ಕಟ್ಟಿಸಿದ ಫ್ರೆಂಚ್ ಎಂಜಿನಿಯರನನ್ನೇ ಹೈದರಲಿ ಗಲ್ಲಿಗೆ ಹಾಕಿಸಿದ ಅಂತ ಜನ ಹೇಳುತ್ತಾರೆ. ನಿಜವೋ ಸುಳ್ಳೋ. ಆದರೆ ಪಕ್ಕದ ಗುಡ್ಡ ನೋಡಿಕೊಂಡು ನಿನ್ನ ಕೊರಳಿಗೆ ನೀನೇ ಹಗ್ಗ ಹಾಕಿಕೊಳ್ಳಬೇಡ. ನಿನ್ನದೊಂದು ನೋಟ್‌ಬುಕ್ ಇಟ್ಟುಕೊಂಡು ತಾರೀಖು ಹಾಕಿ ಬರೆ, ಹೋದ ವರ್ಷದ ಪುಟದ ಜೊತೆ ಹೋಲಿಸು.

ನಿಮ್ಮಜ್ಜಿ ಸುದ್ದಿ ಕೇಳಿದ್ದೇ ಸಕ್ಕರೆ ಹಂಚಿಬಂದಳು. ಡೆಡ್‌ಲಿಫ್ಟ್ ಅನ್ನಲು ಬಾರದೆ "ನಮ್ಮ ಹುಡುಗಿ ಒಂದು ಆಳನ್ನೇ ಎತ್ತಿದಳಂತೆ" ಅಂತ ಹೇಳಿದ್ದಾಳೆ. ಉಗಾದಿಗೆ ಬಂದಾಗ ಓಣಿಯ ಹುಡುಗಿಯರು ಎತ್ತಿ ತೋರಿಸು ಅಂತ ಗಂಟುಬಿದ್ದರೆ ನನ್ನನ್ನು ಬೈಯಬೇಡ. ಬರುವಾಗ ಓಡುವ ಶೂ ತಾ. ಬಿಸಿಲೇರುವ ಮುಂಚೆ ಮೈದಾನ ಮುಟ್ಟಬೇಕು, ಐದಕ್ಕೇ ಎಬ್ಬಿಸುತ್ತೇನೆ.

ನಿನ್ನ ತಾತ