ಅಂಕಗಳ ಅಂತರಕ್ಕೆ ಕಾರಣವೇನು?

ಗೋಕಾಕವಿರುವ ಬೆಳಗಾವಿ ಜಿಲ್ಲೆಯಲ್ಲಿ 2011ರ ಜನಗಣತಿಯಂತೆ ಸ್ತ್ರೀಯರ ಸಾಕ್ಷರತೆ ಪುರುಷರದಕ್ಕಿಂತ ಬಹಳ ಕಡಿಮೆಯಿದ್ದಿತು. ಹಿಂದಿನ ತಲೆಮಾರಿನ ಅನೇಕ ಸ್ತ್ರೀಯರಿಗೆ ಶಾಲೆಯ ಅವಕಾಶವೇ ದೊರೆತಿರಲಿಲ್ಲ. ಅವಕಾಶ ದೊರೆತ ಮೇಲೆ ಆದುದೇನು? 2024ರ ಎಸ್.ಎಸ್.ಎಲ್.ಸಿ. ಪರೀಕ್ಷೆಯಲ್ಲಿ ರಾಜ್ಯದ ಹುಡುಗಿಯರಲ್ಲಿ ಶೇಕಡಾ 81ರಷ್ಟು, ಹುಡುಗರಲ್ಲಿ ಶೇಕಡಾ 66ರಷ್ಟು ಮಂದಿ ತೇರ್ಗಡೆಯಾದರು.

ಇದನ್ನು ನಾವು ಬುದ್ಧಿಯ ಭೇದವೆಂದು ತಿಳಿಯಬಾರದು. ಬುದ್ಧಿಮಾಪನದಲ್ಲಿ ಉಭಯರ ಸರಾಸರಿ ಬಹುಮಟ್ಟಿಗೆ ಸಮಾನವೇ. ವ್ಯಕ್ತಿತ್ವದ ಐದು ಪ್ರಧಾನ ಗುಣಗಳಲ್ಲಿ ಅಂಕಗಳೊಡನೆ ಹೆಚ್ಚು ಸಂಬಂಧವುಳ್ಳದ್ದು ಕರ್ತವ್ಯಶ್ರದ್ಧೆ ಎಂದು ಮನೋವಿಜ್ಞಾನಿ ಪೊರೊಪಾಟ್ 2009ರಲ್ಲಿ ತೋರಿಸಿದರು. ನಿಯಮದಿಂದ ಓದುವುದು, ಹಿಡಿದ ಕೆಲಸವನ್ನು ಮುಗಿಸುವುದು ಇದರ ಲಕ್ಷಣ. ಈ ಗುಣ ಹುಡುಗಿಯರಲ್ಲಿ ಸರಾಸರಿ ತುಸು ಹೆಚ್ಚು. ಆದರೆ ಹುಡುಗ ಹುಡುಗರ ನಡುವೆಯೇ ಇರುವ ಅಂತರ ಅದಕ್ಕಿಂತ ದೊಡ್ಡದು. ಆದುದರಿಂದ ಹುಡುಗರಾಗಲಿ ಹುಡುಗಿಯರಾಗಲಿ, ನಾವೆಲ್ಲರೂ ಇದನ್ನು ನಿತ್ಯದ ಅಭ್ಯಾಸದಿಂದ ಬೆಳೆಸಿಕೊಳ್ಳಬಹುದು.