ಗಂಟಲು ಕೂತ್ರೆ ಎಷ್ಟು ದಿನ ಕಾಯ್ಬೇಕು?

ರಾಜ್ಯೋತ್ಸವ ಮುಗಿದ ಮಾರನೇ ದಿನ ನಮ್ಮ ಕನ್ನಡ ಸಂಘದಲ್ಲಿ ಅರ್ಧ ಜನಕ್ಕೆ ಗಂಟಲು ಕೂತಿತ್ತು. ವಾರದೊಳಗೆ ಎಲ್ಲರದ್ದೂ ಸರಿ ಹೋಯ್ತು, ನಿರೂಪಣೆ ಮಾಡಿದ್ದ ಗೆಳತಿಯದ್ದು ಮಾತ್ರ ಹೋಗಲಿಲ್ಲ. ಶುಂಠಿ ಕಷಾಯ, ಕಲ್ಲುಸಕ್ಕರೆ, ಕಾಳುಮೆಣಸು ಎಲ್ಲಾ ಆಯ್ತು. ಮೂರು ವಾರವಾದ ಮೇಲೆ ಅವಳನ್ನ ಕರ್ಕೊಂಡು ಇಎನ್‌ಟಿ ಡಾಕ್ಟರ್ ಹತ್ತಿರ ಹೋದೆವು. ಅಲ್ಲಿ ನೋಡಿದ್ದು, ಆಮೇಲೆ ಓದಿ ತಿಳ್ಕೊಂಡಿದ್ದು ಎರಡನ್ನೂ ಇಲ್ಲಿ ಬರೆದಿದ್ದೇವೆ.

ಧ್ವನಿ ಹುಟ್ಟೋದು ಹೇಗೆ?

ಕತ್ತಿನ ಮುಂಭಾಗದಲ್ಲಿ ಬೆರಳಿಟ್ಟು ‘ಅಮ್ಮಾ’ ಅನ್ನಿ. ನಡುಗುತ್ತಲ್ಲ, ಅಲ್ಲಿದೆ ಧ್ವನಿಪೆಟ್ಟಿಗೆ. ಅದರೊಳಗೆ ಎರಡು ಧ್ವನಿತಂತುಗಳಿವೆ. ಹೆಸರು ತಂತು ಅಂತಿದ್ದರೂ ಅವು ವೀಣೆಯ ತಂತಿಯಂತಿಲ್ಲ. ಶ್ವಾಸನಾಳದ ಮೇಲ್ಭಾಗದಲ್ಲಿ ಎದುರುಬದುರಾಗಿರುವ ಎರಡು ಮೆತ್ತನೆಯ ಮಡಿಕೆಗಳು. ಉಸಿರಾಡುವಾಗ ದೂರ ಇರುತ್ತವೆ, ಮಾತಾಡುವಾಗ ಹತ್ತಿರ ಬರುತ್ತವೆ. ಕೆಳಗಿನಿಂದ ಬರುವ ಗಾಳಿಯ ಒತ್ತಡ ಅವನ್ನ ತಳ್ಳಿ ತೆರೆಯುತ್ತೆ. ಅವುಗಳ ಬಿಗಿತ ಮತ್ತು ನಡುವೆ ಹಾಯುವ ಗಾಳಿ ಸೇರಿ ಮತ್ತೆ ಮುಚ್ಚಿಸುತ್ತವೆ. ಹೀಗೆ ತೆರೆದು ಮುಚ್ಚುವುದು ಗಂಡಸರಲ್ಲಿ ಸೆಕೆಂಡಿಗೆ ಸುಮಾರು 100ರಿಂದ 130 ಸಲ, ಹೆಂಗಸರಲ್ಲಿ ಸುಮಾರು 200 ಸಲ.

ಒಂದು ಲೆಕ್ಕ ಹಾಕೋಣ. ಒಬ್ಬ ಮೇಡಂ ಒಂದು ಗಂಟೆಯ ಕ್ಲಾಸಿನಲ್ಲಿ ಅರ್ಧ ಗಂಟೆಯಷ್ಟು ಹೊತ್ತು ನಿಜವಾಗಿ ಧ್ವನಿ ಹೊರಡಿಸಿದರು ಅಂತಿಟ್ಟುಕೊಳ್ಳಿ. 1800 ಸೆಕೆಂಡ್, ಸೆಕೆಂಡಿಗೆ 200. ಅಂದ್ರೆ ಒಂದೇ ಕ್ಲಾಸಿಗೆ 3,60,000 ಸಲ ಆ ಮಡಿಕೆಗಳು ಒಂದಕ್ಕೊಂದು ಬಡಿದಿರುತ್ತವೆ! ಮೆಟೀರಿಯಲ್ಸ್ ಕ್ಲಾಸಿನಲ್ಲಿ ಓದುವ ಫಟೀಗ್ ನಮ್ಮ ಗಂಟಲಿಗೂ ಅನ್ವಯಿಸುತ್ತೆ ಅಂತ ಆವತ್ತೇ ನಮಗೆ ಹೊಳೆದದ್ದು.

ಕ್ಲಿನಿಕ್‌ಗೆ ಬರುವ ತೊಂದರೆಗಳು

ತುಂಬಾ ಸಾಮಾನ್ಯವಾದದ್ದು ನೆಗಡಿಯ ಜೊತೆ ಬರುವ ಧ್ವನಿಪೆಟ್ಟಿಗೆಯ ಊತ. ಹೆಚ್ಚಿನ ಸಲ ಇದಕ್ಕೆ ವೈರಸ್ ಕಾರಣ, ಹಾಗಾಗಿ ಆಂಟಿಬಯಾಟಿಕ್ ನುಂಗಿ ಪ್ರಯೋಜನವಿಲ್ಲ. ಒಂದೆರಡು ವಾರದಲ್ಲಿ ತಾನೇ ಇಳಿಯುತ್ತೆ.

ಎರಡನೆಯದು ನಾಡ್ಯೂಲ್, ಅಂದರೆ ಸಣ್ಣ ಗಂಟು. ದಿನವೂ ಧ್ವನಿ ಏರಿಸಿ ಮಾತಾಡುವ ಟೀಚರ್‌ಗಳು, ಹಾಡುಗಾರರು, ಕಿರುಚಾಡುವ ಮಕ್ಕಳು, ಇವರಲ್ಲಿ ಹೆಚ್ಚು. ನಮ್ಮ ಗೆಳತಿಗೆ ಆಗಿದ್ದೂ ಇದೇ. ಗಂಟು ಸಾಮಾನ್ಯವಾಗಿ ಎರಡೂ ತಂತುಗಳ ಮೇಲೆ, ಎದುರುಬದುರಾಗಿ, ಕಂಪಿಸುವ ಭಾಗದ ಸರಿಮಧ್ಯದಲ್ಲಿ ಬರುತ್ತೆ. ಎರಡೂ ತುದಿ ಬಿಗಿದ ಹಗ್ಗವನ್ನ ಅಲ್ಲಾಡಿಸಿದರೆ ನಡುಭಾಗವೇ ತಾನೇ ಹೆಚ್ಚು ಆಡೋದು? ಪೆಟ್ಟೂ ಅಲ್ಲೇ ಹೆಚ್ಚು. ಇದಕ್ಕೆ ಮೊದಲ ಚಿಕಿತ್ಸೆ ಆಪರೇಷನ್ ಅಲ್ಲ, ಧ್ವನಿ ಬಳಸುವ ರೀತಿಯನ್ನ ತಿದ್ದುವ ವಾಯ್ಸ್ ಥೆರಪಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂಥ ಥೆರಪಿ ಮಾಡುವವರನ್ನ ತಯಾರು ಮಾಡುತ್ತಾರೆ.

ಮೂರನೆಯದು ಪಾಲಿಪ್. ಇದು ಹೆಚ್ಚಾಗಿ ಒಂದೇ ಕಡೆ ಬರುತ್ತೆ. ಮ್ಯಾಚ್ ನೋಡುತ್ತಾ ಒಮ್ಮೆ ಜೋರಾಗಿ ಕಿರುಚಿದರೂ ಒಳಗೆ ರಕ್ತ ಕಟ್ಟಿ ಶುರುವಾಗಬಹುದು. ಇನ್ನೊಂದು ಹೊಟ್ಟೆಯ ಆಸಿಡ್ ಮೇಲೇರಿ ಗಂಟಲು ಕೆರೆಯುವುದು. ರಾತ್ರಿ ಹನ್ನೊಂದಕ್ಕೆ ಬಿರಿಯಾನಿ ತಿಂದು ಹಾಗೇ ಮಲಗುವ ಹಾಸ್ಟೆಲ್ ಮಂದಿ ಗಮನಿಸಿ.

ಕೆಲವರಿಗೆ ಒಂದು ತಂತು ಚಲಿಸುವುದನ್ನೇ ನಿಲ್ಲಿಸುತ್ತೆ. ಎಡಗಡೆಯ ತಂತಿಗೆ ಹೋಗುವ ನರ ನೇರವಾಗಿ ಹೋಗುವುದಿಲ್ಲ, ಎದೆಗಿಳಿದು ಹೃದಯದಿಂದ ಹೊರಡುವ ಮಹಾಧಮನಿಯನ್ನ ಸುತ್ತಿ ಮೇಲೆ ಬರುತ್ತೆ. ಹಾಗಾಗಿ ಶ್ವಾಸಕೋಶದ ಗಡ್ಡೆ ಆ ನರವನ್ನ ಒತ್ತಿದರೂ ಧ್ವನಿ ಒಡೆಯಬಹುದು. ಗಂಟಲಿಗೆ ಅಂತ ಹೋದವರಿಗೆ ಡಾಕ್ಟರ್ ಎದೆಯ ಸ್ಕ್ಯಾನ್ ಬರೆದುಕೊಟ್ಟರೆ ಅದಕ್ಕೆ ಇದು ಕಾರಣ.

ನೋಡೋದು ಹೇಗೆ?

1854ರಲ್ಲಿ ಮ್ಯಾನುಯೆಲ್ ಗಾರ್ಸಿಯಾ ಎಂಬ ಸಂಗೀತದ ಮೇಷ್ಟ್ರು ದಂತವೈದ್ಯರ ಕನ್ನಡಿ ಮತ್ತು ಬಿಸಿಲು ಬಳಸಿ ತನ್ನದೇ ಧ್ವನಿತಂತುಗಳನ್ನ ನೋಡಿಕೊಂಡರು. ಈಗ ಸಣ್ಣ ಕ್ಯಾಮೆರಾ ಇದೆ. ಆದರೂ 200 ಹರ್ಟ್ಸ್ ಕಂಪನ ಕಣ್ಣಿಗೆ ಸಿಗುವುದಿಲ್ಲ. ಅದಕ್ಕೆ ಕಂಪನದ ವೇಗಕ್ಕಿಂತ ಚೂರೇ ಚೂರು ಬೇರೆ ವೇಗದಲ್ಲಿ ಲೈಟ್ ಮಿನುಗಿಸುತ್ತಾರೆ. ಆಗ ತಂತುಗಳು ಸ್ಲೋ ಮೋಷನ್‌ನಲ್ಲಿ ಅಲೆಯಂತೆ ಕಾಣುತ್ತವೆ. ಇದು ಸ್ಟ್ರೋಬೋಸ್ಕೋಪಿ. ಸಿಗ್ನಲ್ಸ್ ಪೇಪರ್‌ನಲ್ಲಿ ನಮ್ಮನ್ನ ಕಾಡುವ ಏಲಿಯಾಸಿಂಗ್ ಇಲ್ಲಿ ಉಪಕಾರಕ್ಕೆ ಬಂದಿದೆ!

ನೋವಿಲ್ಲ ಅಂತ ಸುಮ್ಮನಿರಬೇಡಿ

ಕ್ಲಿನಿಕ್‌ನಿಂದ ವಾಪಸ್ ಬರುವಾಗ ಡಾಕ್ಟರ್ ಹೇಳಿದ್ದು ಒಂದೇ ಮಾತು ತಲೆಯಲ್ಲಿ ಉಳಿದಿತ್ತು: ಧ್ವನಿಪೆಟ್ಟಿಗೆಯ ಕ್ಯಾನ್ಸರ್ ಶುರುವಿನಲ್ಲಿ ಸಾಮಾನ್ಯವಾಗಿ ನೋಯುವುದಿಲ್ಲ, ಧ್ವನಿ ಮಾತ್ರ ಬದಲಾಗುತ್ತೆ. ಬೀಡಿ, ಸಿಗರೇಟು, ಕುಡಿತ ಇದಕ್ಕೆ ದೊಡ್ಡ ಕಾರಣಗಳು.

ನಮಗೆ ತಕ್ಷಣ ನೆನಪಾದದ್ದು ನಮ್ಮ ಟೀ ಅಂಗಡಿ ಅಣ್ಣ. ಅವರ ಗೊಗ್ಗರು ದನಿಯನ್ನ ಮಿಮಿಕ್ರಿ ಮಾಡಿ ನಾವೆಲ್ಲ ಎಷ್ಟು ನಕ್ಕಿದ್ದೇವೋ ಲೆಕ್ಕವಿಲ್ಲ. ಹೋಗಿ ಕೇಳಿದೆವು. “ಗೌರಿ ಹಬ್ಬದಿಂದ್ಲೂ ಹಿಂಗೇ ಕಣ್ರಪ್ಪಾ. ನೋವಿಲ್ಲ ಏನಿಲ್ಲ, ಬಿಡಿ” ಅಂದರು. ಬಿಡಲಿಲ್ಲ. ನಾಲ್ಕು ದಿನ ಬೆನ್ನು ಬಿದ್ದು, ಅಂಗಡಿ ನಾವು ನೋಡ್ಕೋತೀವಿ ಅಂತ ಹೇಳಿ ಕಳಿಸಿದೆವು. ತಂತಿನ ಮೇಲೆ ಒಂದು ಬಿಳಿ ಕಲೆ ಇದೆಯಂತೆ. ಚೂರು ತೆಗೆದು ಪರೀಕ್ಷೆಗೆ ಕಳಿಸಿದ್ದಾರೆ. ಇದನ್ನ ಬರೆಯುವ ಹೊತ್ತಿಗೆ ರಿಪೋರ್ಟ್ ಬಂದಿಲ್ಲ.

ಕ್ಯಾನ್ಸರ್ ಆದರೂ ಬೇಗ ಸಿಕ್ಕರೆ ಲೇಸರ್ ಅಥವಾ ರೇಡಿಯೇಷನ್‌ನಿಂದ ಧ್ವನಿ ಉಳಿಸಿಕೊಂಡೇ ಗುಣವಾಗುವ ಸಾಧ್ಯತೆ ಹೆಚ್ಚು. ತಡವಾದರೆ ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕಾಗಬಹುದು. ಅಂಥವರು ಮತ್ತೆ ಮಾತಾಡಲೆಂದು ಬೆಂಗಳೂರಿನ ಡಾ. ವಿಶಾಲ್ ರಾವ್ ಒಬ್ಬ ಇಂಜಿನಿಯರ್ ಗೆಳೆಯರ ಜೊತೆ ಸೇರಿ ‘ಓಂ’ ಎಂಬ ಸಾಧನ ಮಾಡಿದರು. ವಿದೇಶದಿಂದ ತರಿಸುವಂಥವಕ್ಕೆ ಸಾವಿರಾರು ರೂಪಾಯಿ ಆಗುತ್ತಿದ್ದಾಗ ಇದು ಬಂದ ಹೊಸದರಲ್ಲಿ ಇದರ ಬೆಲೆ ಸುಮಾರು 50 ರೂಪಾಯಿ ಇತ್ತು. ನಾವು ಓದುವ ಓದಿಗೆ ಇಂಥ ಉಪಯೋಗವೂ ಇದೆ.

ನೆನಪಿಟ್ಟುಕೊಳ್ಳಿ

1. ಧ್ವನಿ ಒಡೆದು ಮೂರು ವಾರವಾದರೂ ಸರಿ ಹೋಗದಿದ್ದರೆ ಇಎನ್‌ಟಿ ಡಾಕ್ಟರ್‌ಗೆ ತೋರಿಸಿ. ಉಸಿರಾಡಲು ಅಥವಾ ನುಂಗಲು ಕಷ್ಟವಾದರೆ, ಕೆಮ್ಮಿದಾಗ ರಕ್ತ ಬಂದರೆ, ಕತ್ತಿನಲ್ಲಿ ಗಡ್ಡೆ ಸಿಕ್ಕರೆ ಅಷ್ಟೂ ಕಾಯಬೇಡಿ.

2. ಕಷಾಯ ಗಂಟಲಿಗೆ ಹಿತ, ಆದರೆ ಧ್ವನಿತಂತನ್ನ ಮುಟ್ಟುವುದಿಲ್ಲ. ನುಂಗಿದ್ದು ಅನ್ನನಾಳಕ್ಕೆ ಹೋಗುತ್ತೆ, ಆ ಕ್ಷಣ ಧ್ವನಿಪೆಟ್ಟಿಗೆ ಮುಚ್ಚಿಕೊಂಡಿರುತ್ತೆ.

3. ಗಂಟಲು ಕೂತಾಗ ಪಿಸುಗುಟ್ಟುವುದು ವಿಶ್ರಾಂತಿಯಲ್ಲ, ಹಲವರಲ್ಲಿ ಅದರಿಂದ ಬಿಗಿತ ಜಾಸ್ತಿಯಾಗುತ್ತೆ. ಮೆಲ್ಲಗೆ, ಕಮ್ಮಿ ಮಾತಾಡಿ. ನೀರು ಚೆನ್ನಾಗಿ ಕುಡಿಯಿರಿ.

4. ಮುಂದಿನ ಕಾರ್ಯಕ್ರಮಕ್ಕೆ ಮೈಕ್ ಸರಿ ಇದೆಯಾ ಅಂತ ಮೊದಲೇ ನೋಡಿ. ಈ ಸಲ ಮೈಕ್ ಕೈಕೊಟ್ಟಾಗ ಗೆಳತಿಯನ್ನ “ಜೋರಾಗಿ ಕೂಗು” ಅಂದವರು ನಾವೇ.