ಮಂಗನ ಕಾಯಿಲೆ: ಕಾಡಂಚಿನಲ್ಲಿ ವಾಸಿಸುವವರು ಅರಿತಿರಬೇಕಾದುದು

ಆಲೂರು ತಾಲ್ಲೂಕಿನ ಪಾಳ್ಯದಿಂದ ಸಕಲೇಶಪುರದ ಘಟ್ಟದವರೆಗೆ ಇರುವ ಶ್ರೀಮಠದ ಭಕ್ತರಲ್ಲಿ ಬಹುಮಂದಿ ಕಾಫಿತೋಟ, ಗದ್ದೆ ಮತ್ತು ದನಕರುಗಳನ್ನು ನಂಬಿ ಬದುಕುವವರು. ತೋಟದಂಚಿನಲ್ಲಿ ಮಂಗ ಸತ್ತು ಬಿದ್ದಿದ್ದರೆ ಹೊತ್ತು ತಂದು, ಅರಿಸಿನ ಕುಂಕುಮವಿಟ್ಟು ಮಣ್ಣು ಮಾಡುವ ರೂಢಿ ನಮ್ಮಲ್ಲಿದೆ. ಆ ಭಾವನೆ ಗೌರವಾರ್ಹವೇ. ಆದರೆ ಮುಟ್ಟಿ ಹೊತ್ತು ತರುವ ಆ ಒಂದು ಕ್ರಿಯೆ ಪ್ರಾಣಕ್ಕೆ ಎರವಾಗಬಹುದೆಂಬುದನ್ನು ಈ ಸಂಚಿಕೆಯಲ್ಲಿ ವಿವರಿಸಬಯಸುತ್ತೇವೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು. ಸುತ್ತಲಿನ ಹಳ್ಳಿಗರು ತೀವ್ರ ಜ್ವರದಿಂದ ಮಲಗಿದರು. ಆಫ್ರಿಕಾ, ಅಮೆರಿಕ ಖಂಡಗಳ ಹಳದಿ ಜ್ವರ ಇಲ್ಲಿಗೂ ಬಂದಿತೇ ಎಂಬ ಆತಂಕ ಹುಟ್ಟಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಅಮೆರಿಕದ ರಾಕ್‌ಫೆಲರ್ ಪ್ರತಿಷ್ಠಾನ ಕೂಡಿ 1952ರಲ್ಲಿ ಪುಣೆಯಲ್ಲಿ ಸ್ಥಾಪಿಸಿದ್ದ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮೊದಲಾದವರು ಶೋಧಕ್ಕೆ ತೊಡಗಿದರು. ದೊರೆತದ್ದು ಹಳದಿ ಜ್ವರವಲ್ಲ. ರಷ್ಯಾದ ಕಾಡುಗಳಲ್ಲಿ ಮೆದುಳು ಜ್ವರ ತರುವ ವೈರಾಣುವಿಗೆ ಹತ್ತಿರದ, ಜಗತ್ತು ಅದುವರೆಗೆ ಅರಿಯದಿದ್ದ ವೈರಾಣು.

ಇದನ್ನು ಹರಡುವುದು ಮಂಗವಲ್ಲ, ಉಣುಗು. ತರಗೆಲೆಯಡಿ ಮೊಟ್ಟೆಯೊಡೆದ ಮರಿಗಳು ಇಲಿ, ಅಳಿಲು, ಮಂಗಗಳ ರಕ್ತ ಹೀರಿ ಬೆಳೆಯುತ್ತವೆ. ಮಳೆಗಾಲ ಕಳೆದ ಮೇಲೆ, ಡಿಸೆಂಬರಿನಿಂದ ಮೇವರೆಗೆ, ಎಳ್ಳಿನಷ್ಟು ಸಣ್ಣ ಎಳೆಯ ಉಣುಗುಗಳು ಮನುಷ್ಯರನ್ನು ಕಚ್ಚುತ್ತವೆ. ಮಂಗ ಸತ್ತೊಡನೆ ಅದರ ಮೈಮೇಲಿನವು ಇಳಿದು ಮತ್ತೊಂದು ಜೀವವನ್ನು ಅರಸುತ್ತವೆ. ದನಗಳಿಗೆ ರೋಗ ಬಾಧಿಸದು; ಆದರೆ ಬೆಳೆದ ಉಣುಗುಗಳಿಗೆ ಅವೇ ಆಹಾರ. ಕಾಡಿನಿಂದ ಬಂದ ದನ, ಕೊಟ್ಟಿಗೆಗೆ ಹಾಸಲು ತಂದ ದರಗು, ಎರಡೂ ಉಣುಗನ್ನು ಮನೆಯ ಬಳಿಗೆ ತರಬಲ್ಲವು.

ಈಚೆಗೆ ಬೆಂಗಳೂರಿನ ಪಶುರೋಗ ಸಂಶೋಧನಾ ಸಂಸ್ಥೆ ‘ನಿವೇದಿ’, ಪರಿಸರ ಸಂಶೋಧನಾ ಸಂಸ್ಥೆ ‘ಏಟ್ರೀ’, ರಾಜ್ಯದ ಆರೋಗ್ಯ ಇಲಾಖೆ ಹಾಗೂ ಬ್ರಿಟನ್ನಿನ ವಿಜ್ಞಾನಿಗಳು ಒಟ್ಟಾಗಿ ಅಧ್ಯಯನ ನಡೆಸಿ, ಅದರ ಫಲವನ್ನು 2020ರಲ್ಲಿ ಪ್ರಕಟಿಸಿದರು. ನಿತ್ಯಹಸಿರು ಕಾಡೂ ತೋಟಗಳೂ ಹೆಣೆದುಕೊಂಡ, ದನಕರು ಹೆಚ್ಚಿರುವ ನೆಲದಲ್ಲಿ ರೋಗದ ಸಂಭವ ಅಧಿಕವೆಂದು ಅವರು ಕಂಡರು. ಓದಿದಾಗ ನಮ್ಮ ಘಟ್ಟದ ಊರುಗಳೇ ಕಣ್ಮುಂದೆ ಬಂದವು. ವೈದ್ಯರು, ಪಶುವೈದ್ಯರು, ಅರಣ್ಯದವರು ಬೇರೆಬೇರೆಯಾಗಿ ನೋಡಿದ್ದರೆ ಈ ನಂಟು ಇಷ್ಟು ಸ್ಪಷ್ಟವಾಗಿ ಗೋಚರಿಸುತ್ತಿರಲಿಲ್ಲ.

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಹಠಾತ್ತನೆ ಜ್ವರ, ತಲೆನೋವು, ಸಹಿಸಲಾರದ ಮೈಕೈ ನೋವು ಬರುತ್ತವೆ. ಕೆಲವರಲ್ಲಿ ರಕ್ತಸ್ರಾವವೂ ಉಂಟು. ಜ್ವರ ಬಿಟ್ಟು ಒಂದೆರಡು ವಾರದ ಬಳಿಕ ಮರಳಿ, ನರಮಂಡಲವನ್ನು ಬಾಧಿಸುವುದೂ ಇದೆ. ನೂರರಲ್ಲಿ ಮೂರರಿಂದ ಐದು ರೋಗಿಗಳು ಉಳಿಯುವುದಿಲ್ಲ. ನಿರ್ದಿಷ್ಟ ಔಷಧಿಯಿಲ್ಲ, ಹಿಂದಿನ ಲಸಿಕೆ ಸಾಲದೆಂದು ಕೈಬಿಡಲಾಗಿದ್ದು, ಹೊಸದನ್ನು ಸಿದ್ಧಪಡಿಸುವ ಕಾರ್ಯ ನಡೆದಿದೆ. ರೋಗಿಯಿಂದ ಮತ್ತೊಬ್ಬರಿಗೆ ಇದು ಅಂಟುವುದಿಲ್ಲವಾದ್ದರಿಂದ ಶುಶ್ರೂಷೆಗೆ ಯಾರೂ ಹಿಂಜರಿಯಬೇಕಿಲ್ಲ.

ಕಾಡಿಗೆ ಹೋಗುವಾಗ ಮೈತುಂಬ ಬಟ್ಟೆ ಧರಿಸಿ, ಆರೋಗ್ಯ ಇಲಾಖೆ ನೀಡುವ ಡೇಪಾ ಎಣ್ಣೆಯನ್ನು ಕೈಕಾಲಿಗೆ ಸವರಿಕೊಳ್ಳಿ. ಮರಳಿದೊಡನೆ ಬಿಸಿನೀರು, ಸೋಪಿನಿಂದ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿನೀರಿನಲ್ಲಿ ಒಗೆಯಿರಿ. ಸತ್ತ ಮಂಗ ಕಂಡರೆ ದೂರದಿಂದಲೇ ಕೈಮುಗಿದು ಆರೋಗ್ಯ ಕೇಂದ್ರಕ್ಕೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ಜ್ವರ ಬಂದಾಗ ಅಂಗಡಿಯ ನೋವಿನ ಮಾತ್ರೆ ನುಂಗಿ ದಿನ ಕಳೆಯದೆ ಆಸ್ಪತ್ರೆಗೆ ಹೋಗಿ, ಕಾಡಿಗೆ ಅಥವಾ ತೋಟಕ್ಕೆ ಹೋಗಿದ್ದ ಸಂಗತಿಯನ್ನು ವೈದ್ಯರು ಕೇಳುವ ಮೊದಲೇ ಹೇಳಿರಿ.